ಪುಶ್-ಪುಲ್ ಡ್ರೈವರ್‌ನಲ್ಲಿ ಬೇಸ್ ಕರೆಂಟ್ ಹಿಡಿತಕ್ಕೆ ತರುವುದು: ಕಲಬುರಗಿ ಬಿಸಿಲಿಗೂ ತಡೆಯುವ ಲೆಕ್ಕ, ಜೋಡಣೆ, ಪರೀಕ್ಷೆ

ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯಲ್ಲಿ ಇನ್‌ವರ್ಟರ್ ರಿಪೇರಿ ಮಾಡುವವರ ಮೇಜಿನ ಮೇಲೆ ಒಂದೇ ಥರದ ಬೋರ್ಡುಗಳು ಬಂದು ಬೀಳುತ್ತವೆ. ಎರಡು ಪವರ್ ಟ್ರಾನ್ಸಿಸ್ಟರ್, ಅದರಲ್ಲಿ ಒಂದು ಶಾರ್ಟ್. ಹೊಸದು ಹಾಕಿ ಕೊಟ್ಟರೆ ಕೆಲವು ವಾರಕ್ಕೇ ವಾಪಸ್. ಬೈಗುಳ ಬೀಳುವುದು ಡೂಪ್ಲಿಕೇಟ್ ಟ್ರಾನ್ಸಿಸ್ಟರ್ ಮೇಲೆ, ಇಲ್ಲವೇ ಊರಿನ ಬಿಸಿಲಿನ ಮೇಲೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಬೇಸ್ ಕಡೆ ಮೀಟರ್ ಹಿಡಿದು ಎಷ್ಟು ಕರೆಂಟ್ ಹೋಗುತ್ತಿದೆ ಅಂತ ನೋಡುವವರು ಕಡಿಮೆ. ಟ್ರಾನ್ಸಿಸ್ಟರ್‌ಗೆ ಮೂರು ತುದಿ: ಬೇಸ್, ಕಲೆಕ್ಟರ್, ಎಮಿಟರ್. ಬೇಸ್‌ಗೆ ಕೊಟ್ಟ ಸಣ್ಣ ಕರೆಂಟ್, ಕಲೆಕ್ಟರ್‌ನಿಂದ ಎಮಿಟರ್‌ಗೆ ಹರಿಯುವ ದೊಡ್ಡ ಕರೆಂಟನ್ನು ಆನ್ ಮಾಡುತ್ತದೆ.

ಈ ಬರಹದಲ್ಲಿ ಒಂದು ಸಣ್ಣ ಪುಶ್-ಪುಲ್ ಸರ್ಕ್ಯೂಟ್, ಅಂದರೆ ಎರಡು ಟ್ರಾನ್ಸಿಸ್ಟರ್‌ಗಳು ಸರದಿಯಂತೆ ಆನ್ ಆಗುವ ಸರ್ಕ್ಯೂಟ್, ಕಟ್ಟೋಣ. 12 ವೋಲ್ಟ್ ಬ್ಯಾಟರಿ, 12-0-12 ಟ್ರಾನ್ಸ್‌ಫಾರ್ಮರ್ (ನಡುವಿನ ವೈರ್‌ನಿಂದ ಎರಡೂ ತುದಿಗೆ ತಲಾ 12 ವೋಲ್ಟಿನದು), ಎರಡು 2ಎನ್3055 ಪವರ್ ಟ್ರಾನ್ಸಿಸ್ಟರ್, ಸುಮಾರು 40 ವ್ಯಾಟ್ ಲೋಡ್. ಇವತ್ತು ಹೊಸದಾಗಿ ಇನ್‌ವರ್ಟರ್ ಮಾಡುವವರು ಮಾಸ್‌ಫೆಟ್ (ಬೇಸ್ ಕರೆಂಟ್ ಬದಲು ವೋಲ್ಟೇಜ್‌ಗೆ ಆನ್ ಆಗುವ ಟ್ರಾನ್ಸಿಸ್ಟರ್) ಹಾಕುತ್ತಾರೆ, ಅದೇ ಸರಿ ಕೂಡ. ಆದರೂ 2ಎನ್3055 ಇನ್ನೂ ಸಿಗುತ್ತದೆ, ಹಳೇ ಬೋರ್ಡುಗಳಲ್ಲಿ ಕೂತಿದೆ. ಬೇಸ್ ಕರೆಂಟ್ ಅಂದರೇನು ಅಂತ ಕೈಯಲ್ಲಿ ಹಿಡಿದು ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ತಪ್ಪು ಮಾಡಿದರೂ ತಕ್ಷಣ ಸಾಯುವುದಿಲ್ಲ, ಮೊದಲು ಬಿಸಿಯಾಗಿ ಎಚ್ಚರಿಸುತ್ತದೆ.

ಬೇಸ್ ಕರೆಂಟ್ ಎಷ್ಟಿರಬೇಕು ಅಂತ ತೀರ್ಮಾನಿಸುವುದು ನೀವು ಹಾಕಿದ ರೆಸಿಸ್ಟರ್ ಆಗಿರಬೇಕು, ಟ್ರಾನ್ಸಿಸ್ಟರ್‌ನ ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಅನ್ನುವ ಅಂಕಿ) ಅಲ್ಲ. ಮುಂದಿನ ಲೆಕ್ಕವೆಲ್ಲ ಇದೊಂದರ ಮೇಲೇ ನಿಂತಿದೆ.

ಗೇನ್ ನಂಬಿದರೆ ಏನಾಗುತ್ತದೆ

2ಎನ್3055ರ ಡೇಟಾಶೀಟ್, ಅಂದರೆ ತಯಾರಕರ ಮಾಹಿತಿ ಹಾಳೆ, ತೆರೆಯಿರಿ. ಕಲೆಕ್ಟರ್ ಕರೆಂಟ್ 4 ಆಂಪಿಯರ್ ಇದ್ದಾಗ ಗೇನ್, ಅಂದರೆ ಎಚ್‌ಎಫ್‌ಇ, 20ರಿಂದ 70ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಒಂದೇ ಡಬ್ಬಿಯ ಎರಡು ಪೀಸ್‌ಗಳಲ್ಲೂ ವ್ಯತ್ಯಾಸ ಇರಬಹುದು. 10 ಆಂಪಿಯರ್‌ಗೆ ಹೋದರೆ ಕನಿಷ್ಠ 5 ಅಷ್ಟೇ ಗ್ಯಾರಂಟಿ. ಮಲ್ಟಿಮೀಟರ್‌ನ ಎಚ್‌ಎಫ್‌ಇ ಸಾಕೆಟ್ ತೋರಿಸುವ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಅಳೆಯುವುದು ಕೆಲವೇ ಮಿಲಿಆಂಪಿಯರ್‌ನಲ್ಲಿ, ನಮಗೆ ಬೇಕಿರುವುದು 4 ಆಂಪಿಯರ್‌ನ ಗೇನ್.

"ಗೇನ್ 50 ಇದೆ, 4 ಆಂಪಿಯರ್‌ಗೆ 80 ಮಿಲಿಆಂಪಿಯರ್ ಸಾಕು" ಅಂತ ಲೆಕ್ಕ ಹಾಕಿದರೆ ಒಂದು ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಬಹುದು, ಪಕ್ಕದ್ದು ಅರ್ಧಕ್ಕೇ ನಿಲ್ಲಬಹುದು. ಅರ್ಧ ಆನ್ ಆದ ಟ್ರಾನ್ಸಿಸ್ಟರ್ ಅಂದರೆ ಅರ್ಧ ಕ್ಲಚ್ ಹಿಡಿದು ಏರು ಹತ್ತಿಸುವ ಬೈಕ್ ಇದ್ದಂತೆ. ಕೆಲಸ ಅರ್ಧ, ಉಳಿದದ್ದೆಲ್ಲ ಬಿಸಿ. ಅದಕ್ಕೇ ಸ್ವಿಚಿಂಗ್ ಕೆಲಸದಲ್ಲಿ ಡೇಟಾಶೀಟ್ ಗೇನ್ ಮರೆತು, ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗವನ್ನು ಬೇಸ್‌ಗೆ ಕೊಡುತ್ತೇವೆ. ಇದು ಸುಮ್ನೆ ರೂಢಿ ಅಲ್ಲ. ಡೇಟಾಶೀಟ್‌ನಲ್ಲೇ 4 ಆಂಪಿಯರ್ ಕಲೆಕ್ಟರ್, 0.4 ಆಂಪಿಯರ್ ಬೇಸ್ ಇದ್ದಾಗ ಕಲೆಕ್ಟರ್-ಎಮಿಟರ್ ವೋಲ್ಟೇಜ್ 1.1 ವೋಲ್ಟ್ ದಾಟುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ.

ಹಾಗಂತ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನಬೇಡಿ. ಅತಿಯಾಗಿ ಕೊಟ್ಟರೆ ಬೇಸ್‌ನಲ್ಲಿ ಚಾರ್ಜ್ ತುಂಬಿಕೊಂಡು ಟ್ರಾನ್ಸಿಸ್ಟರ್ ಆಫ್ ಆಗಲು ತಡ ಮಾಡುತ್ತದೆ. ಪುಶ್-ಪುಲ್‌ನಲ್ಲಿ ಆ ತಡ ಕೆಟ್ಟದ್ದು. ಒಂದು ಇನ್ನೂ ಆಫ್ ಆಗಿಲ್ಲ, ಇನ್ನೊಂದು ಆಗಲೇ ಆನ್. ಆ ಗಳಿಗೆಯಲ್ಲಿ ಟ್ರಾನ್ಸ್‌ಫಾರ್ಮರ್‌ನ ಎರಡೂ ಅರ್ಧಗಳು ಒಂದನ್ನೊಂದು ರದ್ದು ಮಾಡುತ್ತವೆ, ಬ್ಯಾಟರಿಗೆ ಹೆಚ್ಚುಕಡಿಮೆ ಶಾರ್ಟ್ ಕಾಣಿಸುತ್ತದೆ.

ಸಾಮಾನು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಬಹುತೇಕ ಸಿಗುತ್ತವೆ. ಸಿಗದಿದ್ದರೆ ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಕೋಠಿಯ ಗುಜರಾತಿ ಗಲ್ಲಿಯಿಂದ ತರಿಸಿಕೊಳ್ಳಿ.

ಬೇಕಾದ್ದು: ಸಿಡಿ4047 ಐಸಿ ಒಂದು, 2ಎನ್3055 ಎರಡು, ಬಿಡಿ139 ಎರಡು, ಬಿಸಿ547 ಎರಡು, 1ಎನ್5408 ಡಯೋಡ್ ಎರಡು, 1ಎನ್4148 ಡಯೋಡ್ ಎರಡು, 15 ವೋಲ್ಟ್ ಝೀನರ್ ಒಂದು. ರೆಸಿಸ್ಟರ್‌ಗಳಲ್ಲಿ 22 ಓಮ್ 10 ವ್ಯಾಟ್ ವೈರ್‌ವೌಂಡ್ ಎರಡು (ಬಿಳಿ ಸಿಮೆಂಟ್ ಕಡ್ಡಿಯಂತೆ ಇರುತ್ತವಲ್ಲ, ಅವು), 220 ಓಮ್ 1 ವ್ಯಾಟ್ ಎರಡು, 47 ಓಮ್, 470 ಓಮ್, 3.9ಕೆ (ಕೆ ಅಂದರೆ ಸಾವಿರ ಓಮ್) ತಲಾ ಎರಡು, 100 ಓಮ್ ಒಂದು, 39ಕೆ ಒಂದು, 10ಕೆ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಒಂದು. ಕೆಪಾಸಿಟರ್‌ಗಳಲ್ಲಿ 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಒಂದು, 0.047 ಎರಡು, 100 ಮೈಕ್ರೋಫ್ಯಾರಡ್ 25 ವೋಲ್ಟ್ ಎಲೆಕ್ಟ್ರೊಲಿಟಿಕ್ ಒಂದು. ಟ್ರಾನ್ಸ್‌ಫಾರ್ಮರ್ 12-0-12, 5 ಆಂಪಿಯರ್. 10 ಆಂಪಿಯರ್ ಫ್ಯೂಸ್, ಹೀಟ್‌ಸಿಂಕ್, ಮೈಕಾ ವಾಷರ್, ಬಿಳಿ ಪೇಸ್ಟ್. ಪರೀಕ್ಷೆಗೆ 12 ವೋಲ್ಟ್ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಒಂದು ಇರಲೇಬೇಕು. ಈ ಬಲ್ಬ್ ಇಲ್ಲದೆ ಮುಂದಿನ ಅರ್ಧ ಕೆಲಸ ಆಗುವುದಿಲ್ಲ.

ಲೆಕ್ಕ: ಲೋಡ್‌ನಿಂದ ಹಿಂದಕ್ಕೆ

ಲೆಕ್ಕವನ್ನು ಐಸಿಯಿಂದ ಶುರು ಮಾಡಬೇಡಿ. ಲೋಡ್‌ನಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.

ಲೋಡ್ 40 ವ್ಯಾಟ್. ಟ್ರಾನ್ಸ್‌ಫಾರ್ಮರ್, ಟ್ರಾನ್ಸಿಸ್ಟರ್ ಸೇರಿ ನೂರಕ್ಕೆ ಎಂಬತ್ತು ದಕ್ಷತೆ ಅಂತ ಇಟ್ಟುಕೊಂಡರೆ ಬ್ಯಾಟರಿಯಿಂದ 50 ವ್ಯಾಟ್ ಎಳೆಯಬೇಕು. 12ರಿಂದ ಭಾಗಿಸಿದರೆ 4.2 ಆಂಪಿಯರ್. ಎರಡು ಟ್ರಾನ್ಸಿಸ್ಟರ್ ಇವೆ, ಹಾಗಾಗಿ ತಲಾ 2.1 ಅಂತ ಹಂಚಬೇಡಿ. ಒಂದು ಆನ್ ಇದ್ದಾಗ ಇನ್ನೊಂದು ಆಫ್. ತನ್ನ ಸರದಿ ಬಂದಾಗ ಪ್ರತಿಯೊಂದೂ ಪೂರ್ತಿ 4.2 ಆಂಪಿಯರ್ ಹೊರಬೇಕು.

ಅಲ್ಲಿಗೆ ಬೇಸ್ ಕರೆಂಟ್ 0.42 ಆಂಪಿಯರ್. ಬೇಸ್‌ನಿಂದ ಎಮಿಟರ್‌ಗೆ ಒಂದು 47 ಓಮ್ ಹಾಕುತ್ತೇವೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದು 25 ಮಿಲಿಆಂಪಿಯರ್ ತಿನ್ನುತ್ತದೆ. ಒಟ್ಟು 0.445 ಆಂಪಿಯರ್.

ಇದನ್ನು ಕೊಡುವವನು ಬಿಡಿ139. 12 ವೋಲ್ಟ್‌ನಿಂದ ರೆಸಿಸ್ಟರ್ ಮೂಲಕ ಅದರ ಕಲೆಕ್ಟರ್‌ಗೆ, ಅದರ ಎಮಿಟರ್‌ನಿಂದ ನೇರ 2ಎನ್3055ರ ಬೇಸ್‌ಗೆ. ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜ್ ಎಷ್ಟು? 12ರಲ್ಲಿ 2ಎನ್3055ರ ಬೇಸ್-ಎಮಿಟರ್ ಸುಮಾರು 1.2, ಬಿಡಿ139 ಆನ್ ಇದ್ದಾಗ ಉಳಿಸಿಕೊಳ್ಳುವ 0.5 ಕಳೆಯಿರಿ. 10.3 ವೋಲ್ಟ್. ಇದನ್ನು 0.445ರಿಂದ ಭಾಗಿಸಿದರೆ 23 ಓಮ್. ಅಂಗಡಿಯಲ್ಲಿ ಸಿಗುವುದು 22 ಓಮ್. ಅದನ್ನು ಹಾಕಿದರೆ 0.468 ಆಂಪಿಯರ್. ಸರಿಯಾಗಿದೆ.

ಇಲ್ಲಿ ಸ್ವಲ್ಪ ನಿಲ್ಲಿ. 12 ವೋಲ್ಟ್‌ನಲ್ಲಿ 10.3 ವೋಲ್ಟ್ ರೆಸಿಸ್ಟರ್ ಮೇಲೇ ಬೀಳುತ್ತಿದೆ. ಇದು ವ್ಯರ್ಥ ಅನಿಸುತ್ತದೆ, ಆದರೆ ಹಿಡಿತ ಸಿಗುವುದು ಇದರಿಂದಲೇ. ಟ್ರಾನ್ಸಿಸ್ಟರ್ 60 ಡಿಗ್ರಿ ಜಾಸ್ತಿ ಬಿಸಿಯಾಯಿತು ಅಂದುಕೊಳ್ಳಿ. ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ 0.12 ವೋಲ್ಟ್ ಇಳಿಯುತ್ತದೆ. 10.3ರ ಮುಂದೆ 0.12 ಯಾವ ಲೆಕ್ಕ? ಬೇಸ್ ಕರೆಂಟ್ ನೂರಕ್ಕೆ ಒಂದರಷ್ಟು ಬದಲಾದರೆ ಹೆಚ್ಚು. ಇದೇ ಡ್ರೈವ್ ಅನ್ನು 2 ವೋಲ್ಟ್ ವೈಂಡಿಂಗ್‌ನಿಂದ ತೆಗೆದಿದ್ದರೆ ರೆಸಿಸ್ಟರ್‌ಗೆ ಉಳಿಯುವುದು 0.8 ವೋಲ್ಟ್. ಅಲ್ಲಿ 0.12 ಅಂದರೆ ನೂರಕ್ಕೆ ಹದಿನೈದು. ವಿದ್ಯುತ್ ಉಳಿಸಲು ಹೋಗಿ ಹಿಡಿತ ಕಳೆದುಕೊಂಡಂತೆ.

ಬ್ಯಾಟರಿ ಏರಿಳಿತವನ್ನೂ ನೋಡೋಣ. ಬ್ಯಾಟರಿ ಇಳಿದು 10.8 ವೋಲ್ಟ್ ಆದಾಗ 22 ಓಮ್‌ನಲ್ಲಿ 0.41 ಆಂಪಿಯರ್. ಚಾರ್ಜರ್ ಹಚ್ಚಿ 14.4 ಆದಾಗ 0.58. ಎರಡೂ ನಡೆಯುತ್ತದೆ.

22 ಓಮ್‌ನ ಬಿಸಿ: 0.468ರ ವರ್ಗ ಗುಣಿಸು 22, ಅಂದರೆ 4.8 ವ್ಯಾಟ್. ಅರ್ಧ ಸಮಯ ಮಾತ್ರ ಆನ್, ಹಾಗಾಗಿ ಸರಾಸರಿ 2.4. ಆದರೂ 10 ವ್ಯಾಟಿನದನ್ನೇ ಹಾಕಿ. ಐಸಿ ಕೆಟ್ಟು ಒಂದು ಕಡೆ ಆನ್ ಆಗಿಯೇ ನಿಂತರೆ ಪೂರ್ತಿ 4.8 ವ್ಯಾಟ್ ಬೀಳುತ್ತದೆ.

ಇನ್ನೊಂದು ಹೆಜ್ಜೆ ಹಿಂದಕ್ಕೆ. ಬಿಡಿ139 ಈಗ 0.47 ಆಂಪಿಯರ್ ಹೊರಬೇಕು. ಅದರ ಗರಿಷ್ಠ 1.5, ತೊಂದರೆ ಇಲ್ಲ. ಡೇಟಾಶೀಟ್ ಪ್ರಕಾರ 0.5 ಆಂಪಿಯರ್ ಕಲೆಕ್ಟರ್‌ಗೆ 50 ಮಿಲಿಆಂಪಿಯರ್ ಬೇಸ್ ಕೊಟ್ಟರೆ ಉಳಿಯುವ ವೋಲ್ಟೇಜ್ 0.5 ದಾಟುವುದಿಲ್ಲ. ಮತ್ತೆ ಅದೇ ಹತ್ತನೇ ಒಂದು. ನಮಗೆ ಬೇಕಾದ್ದು ಸುಮಾರು 47 ಮಿಲಿಆಂಪಿಯರ್. ಬಿಸಿ547ರ ಕಲೆಕ್ಟರ್‌ಗೆ 220 ಓಮ್ ಹಾಕಿದರೆ 12ರಲ್ಲಿ ಎರಡು ಬೇಸ್-ಎಮಿಟರ್‌ಗಳ 2.1, ಬಿಸಿ547ರ 0.3 ಕಳೆದು 9.6 ವೋಲ್ಟ್ ಉಳಿಯುತ್ತದೆ. 44 ಮಿಲಿಆಂಪಿಯರ್ ಸಿಗುತ್ತದೆ. ಒಂಚೂರು ಕಡಿಮೆ, ಪರವಾಗಿಲ್ಲ. ಬಿಸಿ547ರ ಮಿತಿ 100 ಮಿಲಿಆಂಪಿಯರ್, ಅದರೊಳಗೇ ಇದ್ದೇವೆ.

ಕೊನೆಗೆ ಐಸಿ. ಬಿಸಿ547ಗೆ 44ರ ಇಪ್ಪತ್ತನೇ ಒಂದು, ಅಂದರೆ 2 ಮಿಲಿಆಂಪಿಯರ್ ಸಾಕು. ಸಿಡಿ4047ರ ಔಟ್‌ಪುಟ್ 12 ವೋಲ್ಟ್‌ನಲ್ಲಿ ಇಷ್ಟನ್ನು ಕೊಡುತ್ತದೆ, ಇದಕ್ಕಿಂತ ತುಂಬಾ ಜಾಸ್ತಿ ಕೇಳಬಾರದು. ಔಟ್‌ಪುಟ್ 11 ವೋಲ್ಟ್ ಅಂತ ಹಿಡಿದು, ಮೂರು ಬೇಸ್-ಎಮಿಟರ್‌ಗಳ 2.8 ಕಳೆದು 2 ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 4ಕೆ. 3.9ಕೆ ಹಾಕುತ್ತೇವೆ.

ಎರಡು ಮಿಲಿಆಂಪಿಯರ್ ಹೋಗಿ 44 ಆಗಿ, 468 ಆಗಿ, 4 ಆಂಪಿಯರ್ ಆಯಿತು. ಪ್ರತಿ ಹೆಜ್ಜೆಯಲ್ಲೂ ಒಂದೊಂದು ರೆಸಿಸ್ಟರ್ ಕಾವಲಿದೆ. ಇದೇ ಮೂರು ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್‌ಗಳನ್ನು ಒಟ್ಟಿಗೆ ಕಟ್ಟಿ ಡಾರ್ಲಿಂಗ್‌ಟನ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ 2ಎನ್3055 ಪೂರ್ತಿ ಆನ್ ಆಗುವುದೇ ಇಲ್ಲ. ಎರಡು ವೋಲ್ಟ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ, 4 ಆಂಪಿಯರ್‌ಗೆ 8 ವ್ಯಾಟ್ ಬಿಸಿ. ಡ್ರೈವರ್ ಕಲೆಕ್ಟರ್‌ಗಳು ಬ್ಯಾಟರಿ ಪ್ಲಸ್‌ಗೆ ಬೇರೆಯಾಗಿಯೇ ಹೋಗಬೇಕು.

ಜೋಡಣೆ

ಐಸಿಯಿಂದ ಶುರು ಮಾಡಿ. ಸಿಡಿ4047ರ 4, 5, 6, 14ನೇ ಪಿನ್‌ಗಳು ಪ್ಲಸ್‌ಗೆ. 7, 8, 9, 12 ಗ್ರೌಂಡ್‌ಗೆ. 1 ಮತ್ತು 3ರ ನಡುವೆ 0.1 ಮೈಕ್ರೋಫ್ಯಾರಡ್. 2 ಮತ್ತು 3ರ ನಡುವೆ 39ಕೆ, ಅದಕ್ಕೆ ಸೀರೀಸ್‌ನಲ್ಲಿ 10ಕೆ ಪ್ರೀಸೆಟ್. ಔಟ್‌ಪುಟ್ 10 ಮತ್ತು 11ರಲ್ಲಿ ಸಿಗುತ್ತದೆ, ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ. ಇವುಗಳ ಒಂದು ಆವರ್ತದ ಸಮಯ 4.4 ಗುಣಿಸು ರೆಸಿಸ್ಟರ್ ಗುಣಿಸು ಕೆಪಾಸಿಟರ್. 50 ಹರ್ಟ್ಸ್‌ಗೆ 45.5ಕೆ ಬೇಕು, ಪ್ರೀಸೆಟ್ ತಿರುಗಿಸಿ ಅಲ್ಲಿಗೆ ತನ್ನಿ. ಮೀಟರ್‌ನಲ್ಲಿ ಹರ್ಟ್ಸ್ ರೇಂಜ್ ಇದ್ದರೆ 10ನೇ ಪಿನ್‌ನಲ್ಲಿ ನೋಡಿ. 13ನೇ ಪಿನ್‌ನಲ್ಲಿ ನೋಡಿದರೆ 100 ತೋರಿಸುತ್ತದೆ, ಗಾಬರಿ ಬೇಡ.

ಐಸಿಯ ಪ್ಲಸ್‌ಗೆ ನೇರ ಬ್ಯಾಟರಿ ಕೊಡಬೇಡಿ. 100 ಓಮ್ ಮೂಲಕ ಕೊಟ್ಟು, ಐಸಿ ಕಡೆ 100 ಮೈಕ್ರೋಫ್ಯಾರಡ್ ಮತ್ತು 15 ವೋಲ್ಟ್ ಝೀನರ್ ಗ್ರೌಂಡ್‌ಗೆ ಹಾಕಿ. ಪವರ್ ಕಡೆಯ ಗದ್ದಲ ಐಸಿಗೆ ಮುಟ್ಟುವುದಿಲ್ಲ.

ಈಗ ಒಂದು ಕಡೆಯ ಡ್ರೈವರ್. 10ನೇ ಪಿನ್‌ನಿಂದ 3.9ಕೆ, ಬಿಸಿ547ರ ಬೇಸ್‌ಗೆ. ಬಿಸಿ547ರ ಕಲೆಕ್ಟರ್ 220 ಓಮ್ ಮೂಲಕ ಪ್ಲಸ್‌ಗೆ, ಎಮಿಟರ್ ಬಿಡಿ139ರ ಬೇಸ್‌ಗೆ. ಬಿಡಿ139ರ ಕಲೆಕ್ಟರ್ 22 ಓಮ್ ಮೂಲಕ ಪ್ಲಸ್‌ಗೆ, ಎಮಿಟರ್ 2ಎನ್3055ರ ಬೇಸ್‌ಗೆ. 2ಎನ್3055ರ ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಟ್ರಾನ್ಸ್‌ಫಾರ್ಮರ್‌ನ ಒಂದು ತುದಿಗೆ. ಇನ್ನೊಂದು ಕಡೆ 11ನೇ ಪಿನ್‌ನಿಂದ ಇದೇ ಥರ. ಟ್ರಾನ್ಸ್‌ಫಾರ್ಮರ್‌ನ ನಡುವಿನ ವೈರ್ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್‌ಗೆ. ಡ್ರೈವರ್‌ಗಳ ಪ್ಲಸ್ ಕೂಡ ಫ್ಯೂಸ್ ಆದ ಮೇಲೆಯೇ ತೆಗೆಯಿರಿ.

ಇಷ್ಟು ಮಾಡಿದರೆ ಕರೆಂಟ್ ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಮಾಡಿಲ್ಲ. ಪುಸ್ತಕದ ಚಿತ್ರ ನೋಡಿ ಕಟ್ಟುವವರು ಬಿಟ್ಟುಬಿಡುವುದು ಇದನ್ನೇ. ಬಿಡಿ139 ಬೇಸ್‌ಗೆ ಕರೆಂಟ್ ತಳ್ಳಬಲ್ಲದು, ವಾಪಸ್ ಎಳೆಯಲಾರದು. ಅದಕ್ಕೇ 2ಎನ್3055ರ ಬೇಸ್-ಎಮಿಟರ್ ನಡುವೆ 47 ಓಮ್, ಬಿಡಿ139ರ ಬೇಸ್-ಎಮಿಟರ್ ನಡುವೆ 470 ಓಮ್. ತುಂಬಿಕೊಂಡ ಚಾರ್ಜ್ ಇವುಗಳ ಮೂಲಕ ಇಳಿಯುತ್ತದೆ. ಬಿಸಿಲಿನಲ್ಲಿ ಲೀಕೇಜ್ ಕರೆಂಟ್ ಹೆಚ್ಚಿದಾಗ ಟ್ರಾನ್ಸಿಸ್ಟರ್ ತಾನಾಗಿ ಅರೆಬರೆ ಆನ್ ಆಗದಂತೆ ತಡೆಯುವುದೂ ಇವೇ.

ಇಳಿಯಲು ಸ್ವಲ್ಪ ಸಮಯ ಬೇಕಲ್ಲ, ಆ ಸಮಯ ಕೊಡಬೇಕು. ಸಿಡಿ4047ರ ಎರಡು ಔಟ್‌ಪುಟ್‌ಗಳ ನಡುವೆ ಬಿಡುವೇ ಇಲ್ಲ. ಒಂದು ಇಳಿದ ಕ್ಷಣಕ್ಕೇ ಇನ್ನೊಂದು ಏರುತ್ತದೆ. ಹಾಗಾಗಿ ಬಿಸಿ547ರ ಬೇಸ್‌ನಿಂದ ಗ್ರೌಂಡ್‌ಗೆ 0.047 ಮೈಕ್ರೋಫ್ಯಾರಡ್ ಹಾಕಿ. 3.9ಕೆಗೆ ಸಮಾನಾಂತರವಾಗಿ 1ಎನ್4148 ಹಾಕಿ, ಗೆರೆ ಇರುವ ತುದಿ ಐಸಿ ಕಡೆಗೆ. ಈಗ ಆನ್ ಆಗುವಾಗ ಕೆಪಾಸಿಟರ್ 3.9ಕೆ ಮೂಲಕ ನಿಧಾನ ತುಂಬುತ್ತದೆ. ಬೇಸ್ 2 ವೋಲ್ಟ್ ಮುಟ್ಟಲು ಸುಮಾರು 35 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಆಫ್ ಆಗುವಾಗ ಡಯೋಡ್ ಮೂಲಕ ಬೇಗ ಖಾಲಿ. ತಡವಾಗಿ ಆನ್, ಬೇಗ ಆಫ್. 10 ಮಿಲಿಸೆಕೆಂಡಿನ ಅರ್ಧ ಆವರ್ತದಲ್ಲಿ 35 ಮೈಕ್ರೋಸೆಕೆಂಡ್ ಹೋದರೆ ಔಟ್‌ಪುಟ್‌ಗೆ ಗೊತ್ತೇ ಆಗುವುದಿಲ್ಲ.

1ಎನ್5408 ಒಂದೊಂದನ್ನು ಪ್ರತಿ 2ಎನ್3055ಗೆ ಅಡ್ಡ ಹಾಕಿ, ಗೆರೆ ಇರುವ ತುದಿ ಕಲೆಕ್ಟರ್‌ಗೆ. ಟ್ರಾನ್ಸ್‌ಫಾರ್ಮರ್ ಇರುವುದರಿಂದ ಸ್ವಿಚ್ ಆಗುವಾಗ ಕಲೆಕ್ಟರ್ ಗ್ರೌಂಡ್‌ಗಿಂತ ಕೆಳಗೆ ಹೋಗುತ್ತದೆ. ಮಾಸ್‌ಫೆಟ್ ಒಳಗೇ ಇಂಥ ಡಯೋಡ್ ಇದೆ, 2ಎನ್3055ರೊಳಗೆ ಇಲ್ಲ. ಹಾಕದಿದ್ದರೆ ಆ ಕರೆಂಟ್ ಬೇಸ್ ದಾರಿಯಲ್ಲಿ ನುಗ್ಗುತ್ತದೆ.

ಗ್ರೌಂಡ್ ವೈರ್ ಬಗ್ಗೆ ಒಂದು ಮಾತು. ಎರಡು ಎಮಿಟರ್‌ಗಳಿಂದ ದಪ್ಪ ವೈರ್ ನೇರ ಬ್ಯಾಟರಿ ಮೈನಸ್‌ಗೆ ಹೋಗಲಿ. ಐಸಿಯ ಗ್ರೌಂಡ್ ಅಲ್ಲಿಗೇ ಬೇರೆ ವೈರ್‌ನಲ್ಲಿ ಬರಲಿ. ಜೀರೋ ಪಿಸಿಬಿಯ, ಅಂದರೆ ತೂತು ಕೊರೆದ ಸಾದಾ ಬೋರ್ಡಿನ, ತೆಳು ಟ್ರ್ಯಾಕ್ ಮೇಲೆ 4 ಆಂಪಿಯರ್ ಹರಿಸಬೇಡಿ.

ಟ್ರಾನ್ಸ್‌ಫಾರ್ಮರ್ ಹಾಕುವ ಮೊದಲು ಬಲ್ಬ್ ಪರೀಕ್ಷೆ

ಓಡುತ್ತಿರುವ ಪುಶ್-ಪುಲ್‌ನಲ್ಲಿ ಕಲೆಕ್ಟರ್‌ಗೆ ಡಿಸಿ ಮೀಟರ್ ಹಿಡಿದರೆ ಏನೂ ತಿಳಿಯುವುದಿಲ್ಲ. ಅರ್ಧ ಸಮಯ 1 ವೋಲ್ಟ್, ಅರ್ಧ ಸಮಯ 23 ವೋಲ್ಟ್, ಸರಾಸರಿ 12 ತೋರಿಸಿ ಸುಮ್ಮನಾಗುತ್ತದೆ. ಆಸಿಲೋಸ್ಕೋಪ್ ಇದ್ದರೆ ಸರಿ. ಇಲ್ಲದಿದ್ದರೆ ಸರ್ಕ್ಯೂಟ್ ಅನ್ನು ನಿಲ್ಲಿಸಿ ಅಳೆಯಬೇಕು.

ಐಸಿಯನ್ನು ಸಾಕೆಟ್‌ನಿಂದ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ ಬಿಡಿಸಿ. ಅದರ ಜಾಗದಲ್ಲಿ ಒಂದು ಕಲೆಕ್ಟರ್‌ನಿಂದ ಪ್ಲಸ್‌ಗೆ ಹೆಡ್‌ಲೈಟ್ ಬಲ್ಬ್ ಹಾಕಿ. 55 ವ್ಯಾಟ್ ಬಲ್ಬ್ 4.6 ಆಂಪಿಯರ್ ಎಳೆಯುತ್ತದೆ, ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ. ಈಗ 10ನೇ ಪಿನ್ ಇದ್ದ ಜಾಗವನ್ನು ಒಂದು ವೈರ್‌ನಿಂದ ಪ್ಲಸ್‌ಗೆ ಮುಟ್ಟಿಸಿ. ಬಲ್ಬ್ ಪೂರ್ತಿ ಉರಿಯಬೇಕು. ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಬೇಡಿ, 22 ಓಮ್ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಅಳೆಯಬೇಕಾದ್ದು ಮೂರು. 22 ಓಮ್ ಮೇಲೆ 10 ವೋಲ್ಟ್ ಆಸುಪಾಸು. 220 ಓಮ್ ಮೇಲೆ ಒಂಬತ್ತೂವರೆ ಆಸುಪಾಸು. 2ಎನ್3055ರ ಕಲೆಕ್ಟರ್‌ನಿಂದ ಎಮಿಟರ್‌ಗೆ ಹೆಚ್ಚೆಂದರೆ 1 ವೋಲ್ಟ್ ಆಸುಪಾಸು, ಒಳ್ಳೆಯ ಪೀಸ್ ಆದರೆ ಇನ್ನೂ ಕಡಿಮೆ. ಪ್ರೋಬ್ ಅನ್ನು ಟ್ರಾನ್ಸಿಸ್ಟರ್‌ನ ಕಾಲಿಗೇ ಹಿಡಿಯಿರಿ. ವೈರ್ ಮೇಲೆ ಹಿಡಿದರೆ ವೈರ್‌ನ ನಷ್ಟವೂ ಸೇರಿಕೊಳ್ಳುತ್ತದೆ.

ತಪ್ಪು ಎಲ್ಲಿದೆ ಅಂತ ಈ ಅಂಕಿಗಳೇ ಹೇಳುತ್ತವೆ. 22 ಓಮ್ ಮೇಲೆ 10 ವೋಲ್ಟ್ ಇದ್ದೂ ಕಲೆಕ್ಟರ್-ಎಮಿಟರ್‌ನಲ್ಲಿ 3 ವೋಲ್ಟ್ ಇದೆಯಾ? ಬೇಸ್‌ಗೆ ಸಾಕಷ್ಟು ಕೊಟ್ಟಾಗಿದೆ, ಟ್ರಾನ್ಸಿಸ್ಟರ್ ಮಾಲೇ ಸರಿಯಿಲ್ಲ. ಡೂಪ್ಲಿಕೇಟ್ ಅಂತ ಅಂಗಡಿಯವರ ಮುಂದೆ ಧೈರ್ಯವಾಗಿ ಹೇಳಬಹುದಾದ್ದು ಈ ಒಂದೇ ಸಂದರ್ಭದಲ್ಲಿ. 22 ಓಮ್ ಮೇಲೆ 6 ವೋಲ್ಟ್ ಮಾತ್ರ ಇದ್ದರೆ ಉಳಿದ ನಾಲ್ಕು ಬಿಡಿ139ರ ಮೇಲೆ ಕೂತಿದೆ, ಮುಟ್ಟಿದರೆ ಸುಡುತ್ತದೆ. ಒಂದು ಹೆಜ್ಜೆ ಹಿಂದೆ ಹೋಗಿ 220 ಓಮ್ ನೋಡಿ. ಅಲ್ಲಿಯೂ ಕಡಿಮೆ ಇದ್ದರೆ ಬಿಸಿ547 ಇಲ್ಲವೇ 3.9ಕೆ. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬಿಡಿ139ರ ಬರಹ ಇರುವ ಮುಖದಿಂದ ನೋಡಿದರೆ ಎಮಿಟರ್, ಕಲೆಕ್ಟರ್, ಬೇಸ್. ಇಲ್ಲಿ ಉಲ್ಟಾ ಹಾಕುವುದು ಬಹಳ ಸಾಮಾನ್ಯ.

ಕುತೂಹಲ ಇದ್ದರೆ 22 ಓಮ್ ತೆಗೆದು 100 ಓಮ್ ಹಾಕಿ ಇದೇ ಪರೀಕ್ಷೆ ಮಾಡಿ. ಬೇಸ್‌ಗೆ ಹೋಗುವುದು 0.1 ಆಂಪಿಯರ್ ಆಸುಪಾಸು ಅಷ್ಟೇ. ಗೇನ್ ಕಡಿಮೆ ಇರುವ ಪೀಸ್ ಆದರೆ ಬಲ್ಬ್ ಕೆಂಪಗೆ ಮಂಕಾಗುತ್ತದೆ, ಟ್ರಾನ್ಸಿಸ್ಟರ್ ಮೇಲೆ ಏಳೆಂಟು ವೋಲ್ಟ್, 20 ವ್ಯಾಟ್ ಹತ್ತಿರ ಬಿಸಿ. ಗೇನ್ ಜಾಸ್ತಿ ಇರುವ ಪೀಸ್ ಆದರೆ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಒಂದೇ ಸರ್ಕ್ಯೂಟ್, ಎರಡು ಪೀಸ್, ಎರಡು ಫಲಿತಾಂಶ. ತಿಂಗಳೊಳಗೆ ವಾಪಸ್ ಬರುವ ಬೋರ್ಡಿನ ಕಥೆ ಇದೇ ಇರಬಹುದು.

ಇನ್ನೊಂದು ಕಡೆಗೂ ಇದೇ ಪರೀಕ್ಷೆ. ಎರಡೂ ಪಾಸಾದ ಮೇಲೆ ಮುಂದೆ ಹೋಗಿ.

ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವುದು

ಇಲ್ಲಿಂದ ಮುಂದೆ 230 ವೋಲ್ಟ್ ಇದೆ. ಬ್ಯಾಟರಿಯಿಂದ ಬಂದದ್ದು ಅಂತ ಅಸಡ್ಡೆ ಬೇಡ, ಮನೆ ಲೈನಿನಷ್ಟೇ ಅಪಾಯ. ಔಟ್‌ಪುಟ್ ಅನ್ನು ಒಂದು ಪ್ರತ್ಯೇಕ ಸಾಕೆಟ್‌ಗೆ ಕೊಡಿ. ಮನೆ ವೈರಿಂಗ್‌ಗೆ ಯಾವ ಕಾರಣಕ್ಕೂ ಸೇರಿಸಬೇಡಿ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವದ ಪ್ರಶ್ನೆ ಅದು.

ಮೊದಲ ಸಲ ಬ್ಯಾಟರಿ ಪ್ಲಸ್‌ಗೆ ಅದೇ ಹೆಡ್‌ಲೈಟ್ ಬಲ್ಬ್ ಅನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿ, ಲೋಡ್ ಇಲ್ಲದೆ. ಬಲ್ಬ್ ಉರಿಯದೇ ಇದ್ದರೆ, ಇಲ್ಲವೇ ತೀರಾ ಮಂಕಾಗಿದ್ದರೆ ಸರಿ. ಪ್ರಖರವಾಗಿ ಉರಿದರೆ ಎರಡೂ ಕಡೆ ಒಟ್ಟಿಗೆ ಆನ್ ಆಗುತ್ತಿವೆ ಅಥವಾ ಎಲ್ಲೋ ಶಾರ್ಟ್. ಆರಿಸಿ ಹುಡುಕಿ. ಸೀರೀಸ್ ಬಲ್ಬ್ ಇದ್ದರೆ ಟ್ರಾನ್ಸಿಸ್ಟರ್ ಉಳಿಯುತ್ತದೆ.

ಬಲ್ಬ್ ತೆಗೆದು ನೇರ ಕೊಟ್ಟ ಮೇಲೆ ಬೇಸ್ ಕರೆಂಟ್ ಮತ್ತೆ ಅಳೆಯಿರಿ. ಈ ಸಲ 22 ಓಮ್ ಮೇಲೆ ಮೀಟರ್ 5 ವೋಲ್ಟ್ ಚಿಲ್ಲರೆ ತೋರಿಸುತ್ತದೆ. ಅರ್ಧ ಸಮಯ ಮಾತ್ರ ಆನ್ ಇರುವುದರಿಂದ ಸರಾಸರಿ ಅರ್ಧ. ಅದನ್ನು ಎರಡರಿಂದ ಗುಣಿಸಿ 22ರಿಂದ ಭಾಗಿಸಿದರೆ ನಿಜವಾದ ಬೇಸ್ ಡ್ರೈವ್. ಎರಡೂ ಕಡೆಯ 22 ಓಮ್‌ಗಳು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಕಡೆ 5.1, ಇನ್ನೊಂದು ಕಡೆ 4.3 ಇದ್ದರೆ ಬಿಡಬೇಡಿ. ಎರಡು ಅರ್ಧಗಳು ಸಮ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಕೋರ್ ಒಂದೇ ಕಡೆ ವಾಲಿ ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನಷ್ಟು ಕಾಂತೀಯತೆ ಹಿಡಿಯಲಾರದೆ ನಿಲ್ಲುತ್ತದೆ. ಆಗ ಕಲೆಕ್ಟರ್ ಕರೆಂಟ್ ದಿಢೀರ್ ಏರುತ್ತದೆ, ನೀವು ಕೊಟ್ಟ ಬೇಸ್ ಕರೆಂಟ್ ಸಾಲದೆ ಟ್ರಾನ್ಸಿಸ್ಟರ್ ಅರ್ಧ ಆನ್ ಸ್ಥಿತಿಗೆ ಬೀಳುತ್ತದೆ.

ಔಟ್‌ಪುಟ್ 230 ಬರಲಿಲ್ಲ ಅಂತ 9-0-9 ಟ್ರಾನ್ಸ್‌ಫಾರ್ಮರ್ ಹಾಕುವ ರೂಢಿ ಇದೆ. ನನಗೆ ಅದು ಹಿಡಿಸುವುದಿಲ್ಲ. 9 ವೋಲ್ಟ್ ವೈಂಡಿಂಗ್‌ಗೆ 11 ವೋಲ್ಟ್ ಚೌಕ ಅಲೆ ಕೊಟ್ಟರೆ ಕೋರ್ ತನ್ನ ಮಿತಿ ಮೀರುತ್ತದೆ, ಮತ್ತೆ ಅದೇ ಸ್ಯಾಚುರೇಶನ್. 12-0-12ರಲ್ಲಿ ಲೋಡ್ ಹಾಕಿದಾಗ 200 ವೋಲ್ಟ್ ಹತ್ತಿರ ಬಂದರೆ ತೃಪ್ತಿಪಡಿ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, 25 ವ್ಯಾಟ್ ಸೋಲ್ಡರಿಂಗ್ ಐರನ್ ಅಷ್ಟಕ್ಕೆ ನಡೆಯುತ್ತವೆ. ಫ್ಯಾನ್ ಹಚ್ಚಬೇಡಿ, ಚೌಕ ಅಲೆಗೆ ಗುಂಯ್‌ಗುಡುತ್ತದೆ. ಸಾಧಾರಣ ಮಲ್ಟಿಮೀಟರ್ ಚೌಕ ಅಲೆಯನ್ನು ನೂರಕ್ಕೆ ಹನ್ನೊಂದರಷ್ಟು ಜಾಸ್ತಿ ತೋರಿಸುತ್ತದೆ ಅನ್ನುವುದೂ ನೆನಪಿರಲಿ.

ಬಿಸಿಲು

ಪುಸ್ತಕದ ಲೆಕ್ಕಗಳು 25 ಡಿಗ್ರಿಗೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿ ಅಂದರೆ ಯಾರೂ ಬೆರಗಾಗುವುದಿಲ್ಲ. ತಗಡಿನ ಪೆಟ್ಟಿಗೆಯ ಒಳಗೆ 55 ಇರಬಹುದು. ಬೇಸ್ ಡ್ರೈವ್ ಸರಿ ಇದ್ದಾಗ ಒಂದು 2ಎನ್3055ರ ಸರಾಸರಿ ಬಿಸಿ 3 ವ್ಯಾಟ್ ಸಮೀಪ. ಜಂಕ್ಷನ್‌ನಿಂದ (ಟ್ರಾನ್ಸಿಸ್ಟರ್ ಒಳಗೆ ಬಿಸಿ ಹುಟ್ಟುವ ಜಾಗ) ಕೇಸ್‌ಗೆ ವ್ಯಾಟ್‌ಗೆ 1.5 ಡಿಗ್ರಿ, ಮೈಕಾಗೆ 1, ಹೀಟ್‌ಸಿಂಕ್‌ಗೆ 4 ಅಂತ ಹಿಡಿದರೆ 20 ಡಿಗ್ರಿ ಏರಿಕೆ. 55 ಕೂಡಿಸಿದರೆ 75. ಆರಾಮ. ಡ್ರೈವ್ ಕಡಿಮೆಯಾಗಿ ಸರಾಸರಿ 10 ವ್ಯಾಟ್ ಆದರೆ ಏರಿಕೆ 65, ಒಟ್ಟು 120. ಸಾಯುವುದಿಲ್ಲ, ಆದರೆ ಆಯುಷ್ಯ ಕರಗುತ್ತದೆ, ಪಕ್ಕದ ಎಲೆಕ್ಟ್ರೊಲಿಟಿಕ್ ಕೂಡ ಒಣಗುತ್ತದೆ. ಬಿಸಿಲನ್ನು ಬೈಯುವ ಮೊದಲು ಬೇಸ್ ನೋಡಿ ಅನ್ನುವುದು ಇದಕ್ಕೇ.

2ಎನ್3055ರ ಲೋಹದ ಮೈಯೇ ಕಲೆಕ್ಟರ್. ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ ಹಾಕಿದರೆ ಮೈಕಾ ಬೇಕೇ ಬೇಕು. ಹೀಟ್‌ಸಿಂಕ್ ರೆಕ್ಕೆಗಳು ನಿಂತಿರಲಿ, ಮಲಗಿರಬಾರದು. ದಾಲ್ ಮಿಲ್ ಹತ್ತಿರದ ಮನೆ ಅಂಗಡಿಗಳಲ್ಲಿ ತೊಗರಿ ಹೊಟ್ಟಿನ ಧೂಳು ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಬೇಸಿಗೆಗೆ ಮುಂಚೆ ಬ್ರಷ್ ಹಾಕಿ ತೆಗೆಯಿರಿ.

ಒಂದು ಕಡೆಗೆ ಎರಡು ಟ್ರಾನ್ಸಿಸ್ಟರ್ ಹಾಕುವುದಾದರೆ

ಲೋಡ್ ಜಾಸ್ತಿ ಬೇಕೆಂದು ಪಕ್ಕಕ್ಕೆ ಇನ್ನೊಂದು 2ಎನ್3055 ಹಾಕಿ ಬೇಸ್‌ಗೆ ಬೇಸ್ ಕಟ್ಟಬೇಡಿ. ಬೇಸ್-ಎಮಿಟರ್ ವೋಲ್ಟೇಜ್ ಒಂಚೂರು ಕಡಿಮೆ ಇರುವ ಪೀಸ್ ಬೇಸ್ ಕರೆಂಟ್‌ನ ಹೆಚ್ಚು ಪಾಲು ನುಂಗುತ್ತದೆ. ಅದು ಬಿಸಿಯಾದಷ್ಟೂ ಆ ವೋಲ್ಟೇಜ್ ಇನ್ನೂ ಇಳಿದು ಇನ್ನೂ ಜಾಸ್ತಿ ನುಂಗುತ್ತದೆ. ಪ್ರತಿಯೊಂದಕ್ಕೂ ಅದರದೇ 22 ಓಮ್, ಅದರದೇ ಬಿಡಿ139 ಕೊಡಿ. ಎಮಿಟರ್‌ನಲ್ಲಿ 0.1 ಓಮ್ 5 ವ್ಯಾಟ್ ಹಾಕಿ. ಆಗ ಬಿಸಿ547ರ ಮೇಲೆ ಹೊರೆ ಎರಡು ಪಟ್ಟು, 88 ಮಿಲಿಆಂಪಿಯರ್. ಮಿತಿಗೆ ತೀರಾ ಹತ್ತಿರ. ಅದರ ಜಾಗದಲ್ಲಿ ಬಿಸಿ337 ಹಾಕಿ, 220 ಓಮ್ ಬದಲು 100 ಓಮ್ 2 ವ್ಯಾಟ್, ಮತ್ತು ಎರಡು ಬಿಡಿ139ರ ಬೇಸ್‌ಗಳಿಗೆ ತಲಾ 10 ಓಮ್ ಕೊಟ್ಟು ಹಂಚಿ. ಇಷ್ಟು ಕಷ್ಟಪಡುವ ಬದಲು ಆ ಹಂತದಲ್ಲಿ ಮಾಸ್‌ಫೆಟ್‌ಗೆ ಹೋಗುವುದು ಜಾಣತನ. ಒಂದು ಕಡೆಗೆ ಒಂದೇ ಟ್ರಾನ್ಸಿಸ್ಟರ್ ಇದ್ದಾಗಲೂ ಬೇಸ್ ಡ್ರೈವ್‌ಗೇ ಸದಾ ಅರ್ಧ ಆಂಪಿಯರ್, ಅಂದರೆ 6 ವ್ಯಾಟ್ ಹೋಗುತ್ತಿದೆ ಅಂತ ಗೊತ್ತಿರಲಿ.

ಮೈಕ್‌ಸೆಟ್ ಆಂಪ್ಲಿಫೈಯರ್‌ನ ಪುಶ್-ಪುಲ್ ಬೇರೆ

ಜಾತ್ರೆ, ಮದುವೆಗೆ ಬಾಡಿಗೆ ಹೋಗುವ ಆಂಪ್ಲಿಫೈಯರ್‌ನಲ್ಲೂ ಪುಶ್-ಪುಲ್ ಇದೆ. ಒಂದು ಎನ್‌ಪಿಎನ್, ಒಂದು ಪಿಎನ್‌ಪಿ, ಉದಾಹರಣೆಗೆ ಟಿಐಪಿ41 ಮತ್ತು ಟಿಐಪಿ42. ಅಲ್ಲಿ ಹತ್ತನೇ ಒಂದರ ನಿಯಮ ಹಾಕಬೇಡಿ. ಆ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್ ಆಗಬಾರದು, ತಮಗೆ ಬೇಕಾದಷ್ಟು ಬೇಸ್ ಕರೆಂಟನ್ನು ತಾವೇ ಎಳೆದುಕೊಳ್ಳುತ್ತವೆ. ನೀವು ಹಿಡಿತದಲ್ಲಿಡಬೇಕಾದ್ದು ಸದ್ದಿಲ್ಲದಾಗ ಹರಿಯುವ ಕರೆಂಟ್, ಅಂದರೆ ಬಯಾಸ್. ಎರಡು ಬೇಸ್‌ಗಳ ನಡುವಿನ ವೋಲ್ಟೇಜ್ ಅದನ್ನು ತೀರ್ಮಾನಿಸುತ್ತದೆ.

ಆ ವೋಲ್ಟೇಜನ್ನು ಹೊಂದಿಸಲು ಅಲ್ಲಿ ಒಂದು ಬಿಡಿ139 ಮತ್ತು ಪ್ರೀಸೆಟ್ ಇರುತ್ತದೆ. ಆ ಬಿಡಿ139 ಬೋರ್ಡ್ ಮೇಲೆ ನಿಂತಿದ್ದರೆ ಪ್ರಯೋಜನ ಇಲ್ಲ. ಮೈಕಾ ಹಾಕಿ ಹೀಟ್‌ಸಿಂಕ್‌ಗೇ ಸ್ಕ್ರೂ ಮಾಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ 40 ಡಿಗ್ರಿ ಬಿಸಿಯಾಗಿ ಇದು ತಣ್ಣಗೇ ಉಳಿದರೆ ಎರಡು ಜಂಕ್ಷನ್‌ಗಳಲ್ಲಿ 160 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ಎಮಿಟರ್ ರೆಸಿಸ್ಟರ್ ತಲಾ 0.33 ಓಮ್ ಇದ್ದರೆ ಒರಟು ಲೆಕ್ಕದಲ್ಲಿ ಕಾಲು ಆಂಪಿಯರ್‌ವರೆಗೆ ಬಯಾಸ್ ಏರಬಹುದು. ಏರಿದ್ದಕ್ಕೆ ಇನ್ನೂ ಬಿಸಿ, ಬಿಸಿಗೆ ಇನ್ನೂ ಏರಿಕೆ.

ಸೆಟ್ ಮಾಡುವಾಗ ಪ್ರೀಸೆಟ್ ಅನ್ನು ಬಯಾಸ್ ಕಡಿಮೆಯಾಗುವ ಕಡೆಗೆ ಪೂರ್ತಿ ತಿರುಗಿಸಿ, ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರ್ ಬಿಚ್ಚಿ. 0.33 ಓಮ್ ಒಂದರ ಮೇಲೆ ಮಿಲಿವೋಲ್ಟ್ ಮೀಟರ್ ಹಿಡಿದು ನಿಧಾನ ಏರಿಸಿ. 10 ಮಿಲಿವೋಲ್ಟ್ ಅಂದರೆ 30 ಮಿಲಿಆಂಪಿಯರ್, ಅಷ್ಟು ಸಾಕು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಡಿಸೆಂಬರ್‌ನ ಚಳಿ ಬೆಳಿಗ್ಗೆ ಸೆಟ್ ಮಾಡಿದ್ದನ್ನು ಬೇಸಿಗೆ ಮಧ್ಯಾಹ್ನ ಒಮ್ಮೆ ತಪಾಸಣೆ ಮಾಡಲೇಬೇಕು. ಆ ಪ್ರೀಸೆಟ್ ಬಿಡಿ139ರ ಬೇಸ್-ಎಮಿಟರ್ ನಡುವೆ ಇದೆಯೋ, ಕಲೆಕ್ಟರ್-ಬೇಸ್ ನಡುವೆ ಇದೆಯೋ ಅನ್ನುವುದನ್ನೂ ನೋಡಿಕೊಳ್ಳಿ. ಧೂಳು ಹಿಡಿದು ಪ್ರೀಸೆಟ್‌ನ ನಡುಕಾಲು ಬಿಟ್ಟುಕೊಂಡಾಗ, ಅದು ಬೇಸ್-ಎಮಿಟರ್ ನಡುವೆ ಇದ್ದರೆ ಬಯಾಸ್ ಇಳಿದು ಸದ್ದು ಸ್ವಲ್ಪ ಗೊರಗೊರ ಅನ್ನುತ್ತದೆ ಅಷ್ಟೇ. ಕಲೆಕ್ಟರ್-ಬೇಸ್ ನಡುವೆ ಇದ್ದರೆ ಬಯಾಸ್ ಒಮ್ಮೆಲೇ ಮೇಲೇರಿ ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗುತ್ತವೆ. ಅಂಥ ಬೋರ್ಡ್ ಕೈಗೆ ಬಂದರೆ ರಿಪೇರಿಯ ಜೊತೆಗೇ ಪ್ರೀಸೆಟ್‌ನ ಜಾಗ ಬದಲಿಸಿ ಕೊಡಿ.